ನಿಧಾನದ ಜೀಪು, ಸವೆಯುವ ಕ್ಯಾಮು

"ನಾನೇನು ಜೋರು ಓಡ್ಸಲ್ಲ ಮೇಸ್ತ್ರಿ. ತೋಟಕ್ಕೆ ಹೋಗೋದು, ಬರೋದು, ಅಷ್ಟೇಯ. ಆದ್ರೂ ಇಂಜಿನ್ ಹಿಂಗೆ ಕಟಕಟ ಅಂತೈತಲ್ಲ?" ಚನ್ನಗಿರಿ ಸೀಮೆಯ ಜೀಪ್ ಗ್ಯಾರೇಜುಗಳಲ್ಲಿ ಇವತ್ತಲ್ಲ ನಾಳೆ ಕಿವಿಗೆ ಬೀಳುವ ಮಾತು ಇದು. ಹೇಳುವವರ ದನಿಯಲ್ಲಿ ಸ್ವಲ್ಪ ನೋವೂ ಇರುತ್ತದೆ. ಮಗನ ಕೈಗೆ ಕೊಟ್ಟಿಲ್ಲ, ಹೈವೇಗೆ ಹತ್ತಿಸಿಲ್ಲ, ಮೂವತ್ತು ವರ್ಷದಿಂದ ಮೆಲ್ಲಗೆ ನಡೆಸಿಕೊಂಡು ಬಂದಿದ್ದಾರೆ. ನಿಧಾನಕ್ಕೆ ಓಡಿದ ಗಾಡಿ ಹೆಚ್ಚು ಬಾಳುತ್ತದೆ ಎನ್ನುವುದು ನಮ್ಮಲ್ಲಿ ಯಾರೂ ಪ್ರಶ್ನಿಸದ ನಂಬಿಕೆ.

ಬ್ರೇಕು, ಟೈರು, ಬೇರಿಂಗುಗಳ ಮಟ್ಟಿಗೆ ಅದು ನಿಜ. ಆದರೆ ಇಂಜಿನ್ನಿನೊಳಗೆ ಒಂದು ಸಾಮಾನಿಗೆ ಮಾತ್ರ ಲೆಕ್ಕ ತಿರುಗುಮುರುಗು. ಕ್ಯಾಮ್‌ಶಾಫ್ಟ್ ಮತ್ತು ಅದರ ಮೇಲೆ ಕುಣಿಯುವ ಟ್ಯಾಪೆಟ್‌ಗಳು ಅತಿ ಹೆಚ್ಚು ನರಳುವುದು ಇಂಜಿನ್ ನಿಧಾನಕ್ಕೆ ತಿರುಗುವಾಗ. ಉಬ್ರಾಣಿಯಂಥ ಕಡೆ ಜೀಪಿನ ಆಯುಷ್ಯವೆಲ್ಲ ಕಳೆಯುವುದು ಹಾಗೆಯೇ.

ಉಬ್ರಾಣಿ ಹೋಬಳಿಯಲ್ಲಿ ಗುಡ್ಡ, ಕುರುಚಲು ಕಾಡು, ಅಡಿಕೆ ತೋಟ ಒಂದರ ಮಗ್ಗುಲಿಗೊಂದು ಇವೆ. ಭದ್ರೆಯ ನೀರೆತ್ತಿ ಕೆರೆ ತುಂಬಿಸುವ ಉಬ್ರಾಣಿ–ಅಮೃತಾಪುರ ಏತ ನೀರಾವರಿ ಈ ಭಾಗಕ್ಕೂ ಪಕ್ಕದ ತರೀಕೆರೆ ಕಡೆಗೂ ಸೇರಿದ್ದು. ಕೆರೆಯಲ್ಲಿ ನೀರು ನಿಂತಲ್ಲಿ ತೋಟ, ತೋಟವಿದ್ದಲ್ಲಿ ಜೀಪು. ಕೊಯ್ಲಿನ ಕಾಲಕ್ಕೆ ಹಸಿ ಅಡಿಕೆ ಗೊನೆ ಹೇರಿಕೊಂಡು, ಫಸಲು ಗುತ್ತಿಗೆ ಹಿಡಿದ ಖೇಣಿದಾರರ ಗಾಡಿಗಳು ತೋಟದ ಒಡ್ಡಿನ ಮೇಲೆ ಫಸ್ಟ್ ಗೇರಿನಲ್ಲಿ ತೆವಳುತ್ತವೆ. ಗೊನೆ ತುಂಬುವವರೆಗೂ ಇಂಜಿನ್ ಆಫ್ ಮಾಡುವವರು ಕಡಿಮೆ. ಬ್ಯಾಟರಿ ಕುಂದಿದ್ದರೆ ಮತ್ತೆ ಸ್ಟಾರ್ಟ್ ಆಗದೇ ಹೋದೀತೆಂಬ ಭಯ. ಅರಣ್ಯ ಇಲಾಖೆಯ ಗಾಡಿಗಳದ್ದೂ ಇದೇ ಬಾಳು. 2023ರಲ್ಲಿ ಚನ್ನಗಿರಿ, ನ್ಯಾಮತಿ ಕಡೆ ಆನೆ ಹಿಡಿಯುವ ಕಾರ್ಯಾಚರಣೆ ನಡೆಯಿತಲ್ಲ, ಅಂಥ ಕೆಲಸದಲ್ಲಿ ಗಾಡಿ ಓಡುವುದಕ್ಕಿಂತ ಕಾಯುವುದೇ ಹೆಚ್ಚು, ಅದೂ ಇಂಜಿನ್ ಚಾಲೂ ಇಟ್ಟುಕೊಂಡು.

ಕ್ಯಾಮ್‌ಶಾಫ್ಟ್ ಎಂದರೆ ಮೊಟ್ಟೆಯಾಕಾರದ ಉಬ್ಬುಗಳಿರುವ ಒಂದು ಉದ್ದನೆಯ ದಂಡ. ಕ್ರ್ಯಾಂಕ್ ಎರಡು ಸುತ್ತು ಹಾಕಿದರೆ ಇದು ಒಂದು ಸುತ್ತು. ಪ್ರತಿ ಉಬ್ಬಿನ ಮೇಲೂ ಒಂದು ಟ್ಯಾಪೆಟ್ ಕೂತಿರುತ್ತದೆ. ಹೊಸ ತಲೆಮಾರಿನವರು ಇದನ್ನೇ ಲಿಫ್ಟರ್ ಎನ್ನುತ್ತಾರೆ. ಉಬ್ಬು ಮೇಲೆ ಬಂದಾಗ ಟ್ಯಾಪೆಟ್ ಏಳುತ್ತದೆ, ಅದು ಪುಶ್ ರಾಡನ್ನು ನೂಕುತ್ತದೆ, ಪುಶ್ ರಾಡ್ ರಾಕರನ್ನು ಎತ್ತುತ್ತದೆ, ರಾಕರ್ ವಾಲ್ವನ್ನು ಒತ್ತಿ ತೆರೆಯುತ್ತದೆ. ಮುಚ್ಚುವ ಕೆಲಸ ಸ್ಪ್ರಿಂಗಿನದು. ಇಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗುತ್ತಿದ್ದರೆ ಒಂದೊಂದು ವಾಲ್ವ್ ಗಂಟೆಗೆ 60,000 ಸಲ ತೆರೆದು ಮುಚ್ಚುತ್ತದೆ. ಅಷ್ಟೂ ಸಲ ಸ್ಪ್ರಿಂಗಿನ ಪೂರ್ತಿ ಬಿಗಿ ಬಂದು ಕೂರುವುದು ಉಬ್ಬಿನ ತುದಿ ಮತ್ತು ಟ್ಯಾಪೆಟ್ಟಿನ ತಳ ಸೇರುವ ಒಂದು ಸಣ್ಣ ಗೆರೆಯ ಮೇಲೆ. ಅಲ್ಲಿನ ಒತ್ತಡ ಚದರ ಇಂಚಿಗೆ ಲಕ್ಷ ಪೌಂಡನ್ನೂ ಮೀರುತ್ತದೆ. ಇಂಜಿನ್ನಿನೊಳಗೆ ಇಷ್ಟು ಒತ್ತಡ ಹೊರುವ ಜಾಗಗಳು ಬಹಳ ಇಲ್ಲ.

ನಿಧಾನ ಕೆಡುಕಾಗುವುದು ಇಲ್ಲಿ. ಇಂಜಿನ್ ಜೋರಾಗಿ ತಿರುಗುವಾಗ ಟ್ಯಾಪೆಟ್, ಪುಶ್ ರಾಡ್, ವಾಲ್ವ್ ಎಲ್ಲವೂ ಎದ್ದ ಭರಕ್ಕೆ ಮೇಲಕ್ಕೇ ಹೋಗಲು ನೋಡುತ್ತವೆ. ಉಬ್ಬಿನ ತುದಿಯ ಮೇಲಿನ ಭಾರ ಅಷ್ಟರ ಮಟ್ಟಿಗೆ ಹಗುರವಾಗುತ್ತದೆ. ಐಡಲಿನಲ್ಲಿ ಆ ಭರ ಇಲ್ಲ, ಸ್ಪ್ರಿಂಗಿನ ಭಾರ ಪೂರಾ ತುದಿಯ ಮೇಲೇ. ಎರಡನೆಯ ಕಾರಣ ಆಯಿಲ್. ಎರಡು ಲೋಹಗಳ ನಡುವೆ ಆಯಿಲಿನ ಪೊರೆ ಕಟ್ಟುವುದು ವೇಗದಿಂದ. ವೇಗ ತಗ್ಗಿದರೆ ಪೊರೆ ತೆಳ್ಳಗಾಗಿ ಲೋಹಕ್ಕೆ ಲೋಹ ತಾಗುತ್ತದೆ. ಮೂರನೆಯದು, ಹಳೆಯ ಇಂಜಿನ್ನುಗಳಲ್ಲಿ ಕ್ಯಾಮಿನ ಬೇರಿಂಗಿಗೆ ಪಂಪಿನಿಂದ ಆಯಿಲ್ ಬಂದರೂ ಉಬ್ಬುಗಳಿಗೆ ಸಿಗುವುದು ಕ್ರ್ಯಾಂಕ್ ಎರಚಿದಷ್ಟೇ. ನಿಧಾನಕ್ಕೆ ತಿರುಗುವ ಕ್ರ್ಯಾಂಕ್ ಎಷ್ಟು ಎರಚೀತು?

ಹಾಗಾದರೆ ತೋಟದ ಒಡ್ಡಿನ ಮೇಲೆ ಜೀಪನ್ನು ಅರವತ್ತರಲ್ಲಿ ಓಡಿಸಬೇಕೇ? ಬೇಡ. ಜೀಪು ಮಾಡಿದವರು ಇದಕ್ಕೆಂದೇ ಟ್ರಾನ್ಸ್‌ಫರ್ ಕೇಸಿಗೆ ಒಂದು ಸಣ್ಣ ಲಿವರ್ ಇಟ್ಟಿದ್ದಾರೆ. ಸಿಜೆ-3ಬಿ ಜೀಪಿನ ಫಸ್ಟ್ ಗೇರಿನ ಅನುಪಾತ 2.8, ಟ್ರಾನ್ಸ್‌ಫರ್ ಕೇಸಿನ ಲೋ ಗೇರಿನದು 2.46, ಆಕ್ಸಲ್‌ನದು 5.38. ಮೂರನ್ನೂ ಗುಣಿಸಿದರೆ ಇಂಜಿನ್ 37 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು. ಅಂದರೆ ಲೋ ಗೇರಿನಲ್ಲಿ ಇಂಜಿನ್ 2000ದಲ್ಲಿ ಹಾಯಾಗಿ ತಿರುಗುತ್ತಿದ್ದರೂ ಗಾಡಿ ಗಂಟೆಗೆ 7 ಕಿಲೋಮೀಟರಿನ ಆಸುಪಾಸಿನಲ್ಲಿರುತ್ತದೆ, ಆಳು ಬಿರಬಿರನೆ ನಡೆದಷ್ಟು. ಇಳಿಸಬೇಕಾದ್ದು ಚಕ್ರದ ವೇಗವನ್ನು, ಇಂಜಿನ್ನಿನದನ್ನಲ್ಲ. ಆದರೆ ನಮ್ಮ ಕಡೆ ಆ ಸಣ್ಣ ಲಿವರನ್ನು ಮುಟ್ಟುವುದು ಗಾಡಿ ಹೂತಾಗ ಮಾತ್ರ. ಮಿಕ್ಕಂತೆ ಹೈನಲ್ಲೇ ಇಟ್ಟು, ಇಂಜಿನ್ನನ್ನು ಉಸಿರು ಕಟ್ಟಿಸಿ, ಕ್ಲಚ್ಚನ್ನು ಅರ್ಧ ಒತ್ತಿ ಸಾಗಿಸುತ್ತೇವೆ. ಅದಕ್ಕೆ ಡೀಸೆಲ್ ಉಳಿತಾಯ ಎಂದು ಹೆಸರು.

ಸವೆತ ಶುರುವಾದರೆ ಮೊದಲು ಬರುವುದು ಸದ್ದು. ಟ್ಯಾಪೆಟ್ ಸದ್ದು ಇಂಜಿನ್ ಸುತ್ತಿನ ಅರ್ಧ ವೇಗಕ್ಕೆ ಬರುತ್ತದೆ, ಯಾಕೆಂದರೆ ಕ್ಯಾಮ್ ತಿರುಗುವುದೇ ಅರ್ಧ ವೇಗದಲ್ಲಿ. ಕ್ರ್ಯಾಂಕಿನ ಬೇರಿಂಗ್ ಹೋಗಿದ್ದರೆ ಸದ್ದು ಆಳವಾಗಿ, ಇಂಜಿನ್ನಿನ ಪೂರ್ತಿ ವೇಗಕ್ಕೆ ಕುಟ್ಟುತ್ತದೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗಿಟ್ಟು ಹಿಡಿಯನ್ನು ಕಿವಿಗೊತ್ತಿ ಕೇಳುವ ಹಳೆಯ ಮೆಕ್ಯಾನಿಕ್‌ಗಳಿಗೆ ಈ ವ್ಯತ್ಯಾಸ ಹೇಳಿಕೊಡಬೇಕಾಗಿಲ್ಲ. ಆದರೆ ಸದ್ದು ಬಂದ ಕೂಡಲೇ ಟ್ಯಾಪೆಟ್ ಸೆಟ್ಟಿಂಗ್ ಮಾಡಿ ಕಳಿಸಿಬಿಡುವ ಅಭ್ಯಾಸದ ಬಗ್ಗೆ ನನ್ನ ತಕರಾರಿದೆ. ಫೀಲರ್ ಗೇಜ್ ತೂರಿಸಿ, ಸ್ಕ್ರೂ ಬಿಗಿ ಮಾಡಿದರೆ ಸದ್ದು ಅಡಗುತ್ತದೆ, ಕಾಯಿಲೆ ಅಡಗುವುದಿಲ್ಲ. ಎಲ್ಲ ವಾಲ್ವ್‌ಗಳ ಸಂದೂ ಸಮನಾಗಿ ಸ್ವಲ್ಪ ಸಡಿಲಾಗಿದ್ದರೆ ಅದು ಸಹಜ ಸವೆತ. ಒಂದೇ ವಾಲ್ವಿನ ಸಂದು ತಿಂಗಳಿಗೊಮ್ಮೆ ಅಗಲವಾಗುತ್ತಾ ಹೋದರೆ ಕೆಳಗೆ ಉಬ್ಬು ಕರಗುತ್ತಿದೆ, ಇಲ್ಲವೇ ಟ್ಯಾಪೆಟ್ಟಿನ ತಳ ಗುಳಿ ಬಿದ್ದಿದೆ ಎಂದೇ ಅರ್ಥ. ಸಂದು ಕಡಿಮೆಯಾಗುತ್ತಾ ಬಂದರೆ ಅದು ಕ್ಯಾಮಿನ ದೋಷವಲ್ಲ, ವಾಲ್ವ್ ತನ್ನ ಸೀಟಿನೊಳಗೆ ಇಳಿಯುತ್ತಿದೆ. ಯಾವ ವಾಲ್ವಿಗೆ ಎಷ್ಟು ಸಂದಿತ್ತೆಂದು ಪ್ರತಿ ಸಲ ಬರೆದಿಟ್ಟುಕೊಂಡರೆ, ಇಂಜಿನ್ ಬಿಚ್ಚುವ ಎಷ್ಟೋ ತಿಂಗಳ ಮೊದಲೇ ವಿಷಯ ತಿಳಿದುಹೋಗುತ್ತದೆ. ಬರೆದಿಡುವವರು ಬಹಳ ಕಡಿಮೆ.

ಪೆಟ್ರೋಲ್ ಇಂಜಿನ್ನಾದರೆ ಇನ್ನೊಂದು ಗುರುತುಂಟು. ಎಕ್ಸಾಸ್ಟ್ ಉಬ್ಬು ಸವೆದಾಗ ಉರಿದ ಹೊಗೆ ಪೂರ್ತಿ ಹೊರಹೋಗದೆ ಉಳಿದು, ಇನ್‌ಟೇಕ್ ವಾಲ್ವ್ ತೆರೆದ ಕೂಡಲೇ ಕಾರ್ಬ್ಯುರೇಟರಿನ ಬಾಯಲ್ಲಿ ಪಟ್ಟೆಂದು ಸಿಡಿಯುತ್ತದೆ. ಪಾಪ, ಕಾರ್ಬ್ಯುರೇಟರನ್ನು ಬಿಚ್ಚಿ ತೊಳೆಯುತ್ತಾರೆ, ಪಾಯಿಂಟ್ ಬದಲಿಸುತ್ತಾರೆ, ಕಾಯಿಲ್ ಬದಲಿಸುತ್ತಾರೆ. ಹೆಡ್ ಕವರ್ ತೆಗೆದು, ರಾಕರಿನ ಮೇಲೆ ಡಯಲ್ ಗೇಜ್ ಇಟ್ಟು, ಇಂಜಿನ್ನನ್ನು ಕೈಯಲ್ಲಿ ತಿರುಗಿಸಿ ಪ್ರತಿ ವಾಲ್ವ್ ಎಷ್ಟು ಏಳುತ್ತದೆಂದು ಅಳೆದರೆ ಅರ್ಧ ಗಂಟೆಯ ಕೆಲಸ. ಅದೇ ಬಗೆಯ ಉಳಿದ ಮೂರು ವಾಲ್ವ್ ಒಂದೇ ಅಳತೆ ತೋರಿಸಿ ಒಂದು ಮಾತ್ರ ಅರ್ಧ ಮಿಲಿಮೀಟರ್ ಕಡಿಮೆ ಎದ್ದರೆ ತೀರ್ಪು ಬಂದ ಹಾಗೆಯೇ.

ಇನ್ನು ಯಾವ ಇಂಜಿನ್ ಎಂಬ ಪ್ರಶ್ನೆ. ನಮ್ಮ ಹಳ್ಳಿಗಳ ಜೀಪುಗಳೆಲ್ಲ ಹೊರಗಿನಿಂದ ಒಂದೇ ರೀತಿ ಕಂಡರೂ ಒಳಗೆ ಬೇರೆ ಬೇರೆ ಮನೆತನಗಳು. ಎರಡನೆಯ ಮಹಾಯುದ್ಧದ ವಿಲ್ಲೀಸ್ ಜೀಪಿನಲ್ಲಿದ್ದದ್ದು 2.2 ಲೀಟರಿನ ಪೆಟ್ರೋಲ್ ಇಂಜಿನ್, 60 ಕುದುರೆ ಶಕ್ತಿ. ಅದರ ಎಂಟೂ ವಾಲ್ವ್‌ಗಳು ಪಿಸ್ಟನ್ನಿನ ಪಕ್ಕದಲ್ಲಿ, ಬ್ಲಾಕಿನೊಳಗೇ ತಲೆ ಮೇಲೆ ಮಾಡಿ ನಿಂತಿರುತ್ತವೆ. ಪುಶ್ ರಾಡೂ ಇಲ್ಲ, ರಾಕರೂ ಇಲ್ಲ, ಟ್ಯಾಪೆಟ್ಟೇ ನೇರವಾಗಿ ವಾಲ್ವನ್ನು ನೂಕುತ್ತದೆ. 1953ರಲ್ಲಿ ಬಂದ ಸಿಜೆ-3ಬಿಯಲ್ಲಿ ಇನ್‌ಟೇಕ್ ವಾಲ್ವನ್ನು ಹೆಡ್ಡಿಗೆ ಏರಿಸಿದರು, ಎಕ್ಸಾಸ್ಟ್ ಬ್ಲಾಕಿನಲ್ಲೇ ಉಳಿಯಿತು. ಇಂಜಿನ್ ಎತ್ತರವಾದದ್ದರಿಂದ ಬಾನೆಟ್ಟನ್ನೂ ಎತ್ತರಿಸಬೇಕಾಯಿತು. ಆ ಎತ್ತರದ ಮೂತಿಯ ಜೀಪನ್ನೇ ಮಹೀಂದ್ರ ಇಲ್ಲಿ ದಶಕಗಟ್ಟಲೆ ಮಾಡಿ ಮಾರಿದ್ದು.

ಆಮೇಲೆ ಡೀಸೆಲ್ ಬಂತು. 1963ರಲ್ಲಿ ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಜೊತೆ ಸೇರಿ ಟ್ರ್ಯಾಕ್ಟರ್ ಶುರು ಮಾಡಿದ ಮಹೀಂದ್ರ, ಅದೇ ಮನೆತನದ ಡೀಸೆಲ್ ಇಂಜಿನನ್ನು ಜೀಪಿಗೂ ಕೂರಿಸಿತು. ಮುಂದೆ ಬೊಲೆರೊದ ಹಳೆಯ ಡಿಐ ಮಾದರಿಗಳವರೆಗೆ ಬಂದ 2523 ಸಿಸಿ ಇಂಜಿನ್ ಇದೇ ಕುಲದ್ದು. ಎಂಎಂ 540ರಲ್ಲಿ ಇದ್ದದ್ದು ಫ್ರಾನ್ಸಿನ ಪ್ಯೂಜೊ ಕಂಪನಿಯ ಎಕ್ಸ್‌ಡಿಪಿ 4.90, 2112 ಸಿಸಿ. ನಾಲ್ಕು ಸಿಲಿಂಡರ್, 90 ಮಿಲಿಮೀಟರ್ ಬೋರ್ ಎನ್ನುವುದೇ ಆ ಹೆಸರಿನ ಒಗಟು. ಇವೆಲ್ಲದರಲ್ಲೂ ಕ್ಯಾಮ್ ಬ್ಲಾಕಿನ ಹೊಟ್ಟೆಯಲ್ಲಿದೆ. ಮಾರುತಿ ಜಿಪ್ಸಿ ಮಾತ್ರ ಬೇರೆ ಜಾತಿ. 1985ರ ಮೊದಲ ಜಿಪ್ಸಿಯ 970 ಸಿಸಿ ಇಂಜಿನ್ನಿನಲ್ಲಾಗಲೀ, 1996ರಲ್ಲಿ ಬಂದ ಜಿಪ್ಸಿ ಕಿಂಗ್‌ನ 1298 ಸಿಸಿ ಇಂಜಿನ್ನಿನಲ್ಲಾಗಲೀ ಕ್ಯಾಮ್ ಇರುವುದು ಹೆಡ್ಡಿನ ಮೇಲೆ, ಬೆಲ್ಟಿನಿಂದ ತಿರುಗುತ್ತದೆ. ಅಲ್ಲಿ ಟ್ಯಾಪೆಟ್ಟೇ ಇಲ್ಲ, ಉಬ್ಬು ನೇರ ರಾಕರನ್ನೇ ಉಜ್ಜುತ್ತದೆ. ಡಿಸ್ಟ್ರಿಬ್ಯೂಟರ್ ಬಿಚ್ಚಿ, ರಾಕರ್ ಶಾಫ್ಟ್ ಹೊರತೆಗೆದು, ಕ್ಯಾಮನ್ನು ಹೆಡ್ಡಿನೊಳಗಿಂದ ಉದ್ದಕ್ಕೆ ಎಳೆದರಾಯಿತು. ಹೊಸ ಕ್ಯಾಮಿಗೆ ಹೊಸ ಟ್ಯಾಪೆಟ್ ಎಂದು ಮುಂದೆ ಹೇಳುವ ಮಾತು ಜಿಪ್ಸಿಗೆ ಬಂದಾಗ ಹೊಸ ಕ್ಯಾಮಿಗೆ ಹೊಸ ರಾಕರ್ ಎಂದಾಗುತ್ತದೆ, ಅಷ್ಟೇ.

ಬ್ಲಾಕಿನೊಳಗಿನ ಕ್ಯಾಮ್ ತೆಗೆಯುವುದು ತಾಳ್ಮೆಯ ಕೆಲಸ. ರೇಡಿಯೇಟರ್, ಮುಂದಿನ ಗ್ರಿಲ್, ಫ್ಯಾನು, ಕ್ರ್ಯಾಂಕ್ ಪುಲ್ಲಿ, ಟೈಮಿಂಗ್ ಕವರ್ ಎಲ್ಲ ಮೊದಲು ಹೋಗಬೇಕು, ಕ್ಯಾಮ್ ಹೊರಬರುವುದು ಮುಂದಿನ ಬಾಗಿಲಿನಿಂದಲೇ. ಬಿಚ್ಚುವ ಮೊದಲು ಒಂದನೇ ಸಿಲಿಂಡರನ್ನು ಕಂಪ್ರೆಷನ್ ತುದಿಗೆ ತಂದು ಟೈಮಿಂಗ್ ಗೇರುಗಳ ಗುರುತು ಎದುರುಬದುರಾಗಿರುವುದನ್ನು ಕಣ್ಣಾರೆ ನೋಡಬೇಕು, ಈಗ ಮೊಬೈಲಿನಲ್ಲಿ ಫೋಟೊವನ್ನೂ ಹಿಡಿಯಬಹುದು. ಡೀಸೆಲ್ ಆಗಿದ್ದರೆ ಪಂಪಿನ ಗೇರಿನ ಗುರುತನ್ನೂ ಸೇರಿಸಿ. ಪೆಟ್ರೋಲ್ ಆಗಿದ್ದರೆ ಮೆಕ್ಯಾನಿಕಲ್ ಪೆಟ್ರೋಲ್ ಪಂಪ್ ತೆಗೆಯುವುದನ್ನು ಮರೆಯಬಾರದು, ಅದರ ಕೈ ಕ್ಯಾಮಿನ ಮೇಲೇ ಒರಗಿರುತ್ತದೆ. ವಿಲ್ಲೀಸ್ ಇಂಜಿನ್ನಿನ ಆಯಿಲ್ ಪಂಪನ್ನು ತಿರುಗಿಸುವುದೂ ಕ್ಯಾಮೇ, ಡಿಸ್ಟ್ರಿಬ್ಯೂಟರ್ ತಿರುಗುವುದು ಆ ಪಂಪಿನಿಂದ. ಪಂಪ್ ಇಳಿಸಿದಿರೋ, ವಾಪಸ್ ಕೂರಿಸುವಾಗ ಕಿಡಿಯ ಟೈಮಿಂಗ್ ಮತ್ತೆ ಹೊಂದಿಸಬೇಕು.

ಪುಶ್ ರಾಡುಗಳನ್ನು ರಟ್ಟಿನ ಪೆಟ್ಟಿಗೆಗೆ ತೂತು ಮಾಡಿ, ನಂಬರ್ ಬರೆದು ಸಾಲಾಗಿ ನೆಡುವುದು ಒಳ್ಳೆಯ ಗ್ಯಾರೇಜಿನ ಲಕ್ಷಣ. ವಿಲ್ಲೀಸಿನಲ್ಲಿ ಇನ್ನೊಂದು ತೊಡಕಿದೆ. ಅದರ ಟ್ಯಾಪೆಟ್‌ಗಳು ಹೊರಬರುವುದು ಕೆಳಗಿನಿಂದ, ಅದೂ ಕ್ಯಾಮ್ ತೆಗೆದ ಮೇಲೆ. ಕ್ಯಾಮ್ ತೆಗೆಯಬೇಕಾದರೆ ಟ್ಯಾಪೆಟ್‌ಗಳು ದಾರಿ ಬಿಡಬೇಕು. ಇಂಜಿನ್ ಗಾಡಿಯಲ್ಲೇ ಇದ್ದರೆ ಅವನ್ನು ಮೇಲೆತ್ತಿ, ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿ ನಿಲ್ಲಿಸುತ್ತಾರೆ. ಜಗತ್ತಿನ ಎಲ್ಲ ಕಡೆಯ ಜೀಪ್ ಮೆಕ್ಯಾನಿಕ್‌ಗಳೂ ಹೆಂಡತಿಯ ಕ್ಲಿಪ್ಪಿಗೆ ಕೈಹಾಕಿದವರೇ. ಇಂಜಿನ್ ಇಳಿಸಿದ್ದರೆ ಸುಲಭ, ತಲೆಕೆಳಗು ಮಾಡಿದರೆ ಟ್ಯಾಪೆಟ್‌ಗಳು ತಾವಾಗಿಯೇ ಕ್ಯಾಮಿನಿಂದ ದೂರ ಸರಿಯುತ್ತವೆ.

ಕ್ಯಾಮನ್ನು ಎಳೆಯುವಾಗ ಅದರ ಮೂತಿಗೆ ಒಂದು ಉದ್ದನೆಯ ಬೋಲ್ಟ್ ಹಾಕಿ ಹಿಡಿಯಾಗಿ ಬಳಸಬೇಕು. ಒಳಗಿನ ಬೇರಿಂಗ್ ಮೆತ್ತನೆಯ ಲೋಹದ್ದು, ಉಬ್ಬಿನ ಅಂಚು ಒಮ್ಮೆ ಗೀರಿದರೆ ಆಯಿಲ್ ಪ್ರೆಶರ್ ಶಾಶ್ವತವಾಗಿ ಇಳಿದಂತೆ. ಅವಸರದವರು ಗೆಲ್ಲುವ ಕೆಲಸ ಇದಲ್ಲ.

ತೆಗೆದ ಕ್ಯಾಮನ್ನು ಏನು ಮಾಡುವುದು? ಲೇತ್ ಅಂಗಡಿಗೆ ಒಯ್ದು ಉಬ್ಬುಗಳಿಗೆ ವೆಲ್ಡಿಂಗ್ ತುಂಬಿಸಿ ಗ್ರೈಂಡ್ ಮಾಡಿಸುವ ಸಲಹೆ ಕೊಡುವವರಿದ್ದಾರೆ. ಕ್ರ್ಯಾಂಕ್ ಗ್ರೈಂಡಿಂಗ್ ನಮ್ಮಲ್ಲಿ ಚೆನ್ನಾಗಿ ನಡೆಯುತ್ತದೆ, ಅದೇ ಧೈರ್ಯ ಕ್ಯಾಮಿಗೂ ಹಬ್ಬಿದೆ. ನನಗೆ ಇದು ಒಪ್ಪಿಗೆಯಿಲ್ಲ. ಚಪ್ಪಟೆ ತಳದ ಟ್ಯಾಪೆಟ್ಟಿಗೆ ಮಾಡುವ ಕ್ಯಾಮ್ ಬಹುಮಟ್ಟಿಗೆ ಬೀಡು ಕಬ್ಬಿಣದ್ದು. ಎರಕ ಹೊಯ್ಯುವಾಗಲೇ ಉಬ್ಬಿನ ಮೈಯನ್ನು ಬೇಗ ತಣಿಸಿ ಗಡುಸು ಮಾಡಿರುತ್ತಾರೆ. ಆ ಗಡುಸು ಇರುವುದು ಮೇಲಿನ ಕೆಲವು ಮಿಲಿಮೀಟರಿನಲ್ಲಿ ಮಾತ್ರ, ಒಳಗಿನದು ಸಾಮಾನ್ಯ ಬೀಡು. ಹೆಚ್ಚು ಗ್ರೈಂಡ್ ಮಾಡಿದಷ್ಟೂ ಮೆತ್ತನೆಯದು ಹೊರಬರುತ್ತದೆ. ವೆಲ್ಡಿಂಗಿನ ಕಾವಿಗೆ ಇದ್ದ ಗಡುಸೂ ಹೋಗುತ್ತದೆ. ಜೊತೆಗೆ ಉಬ್ಬಿನ ಹಿಂಬದಿ ತಗ್ಗಿದಷ್ಟು ಪುಶ್ ರಾಡ್ ಗಿಡ್ಡವಾದಂತಾಗಿ ರಾಕರಿನ ಸ್ಕ್ರೂ ಕೊನೆ ಎಳೆಗೆ ಬಂದು ನಿಲ್ಲುತ್ತದೆ. ಪಕ್ಕದ ಭದ್ರಾವತಿಯಲ್ಲಿ 1923ರಿಂದ ಕಬ್ಬಿಣ ಕರಗಿಸಿದ ಸೀಮೆ ನಮ್ಮದು. ಬೀಡು ಬೇರೆ, ಉಕ್ಕು ಬೇರೆ, ಕಾವಿಗೆ ಎರಡರ ನಡವಳಿಕೆಯೂ ಬೇರೆ ಎಂದು ಇಲ್ಲಿನ ಜನಕ್ಕೆ ಹೊರಗಿನವರು ಬಂದು ಹೇಳಬೇಕಾಗಿಲ್ಲ. ಹೊಸ ಕ್ಯಾಮ್ ಸಿಗುವ ಇಂಜಿನ್ನಿಗೆ ಹೊಸ ಕ್ಯಾಮನ್ನೇ ಹಾಕಿಸಬೇಕು.

ಹೊಸ ಕ್ಯಾಮ್ ತಂದವರು ಸಾಮಾನ್ಯವಾಗಿ ಮಾಡುವ ಉಳಿತಾಯ ಒಂದಿದೆ: ಟ್ಯಾಪೆಟ್ ನೋಡಲು ಚೆನ್ನಾಗಿವೆ, ಅವೇ ಇರಲಿ. ಇಡೀ ಕೆಲಸವನ್ನು ಕೆಡಿಸುವುದು ಈ ಒಂದು ಮಾತು. ಬೀಸುಕಲ್ಲಿನ ಮೇಲಿನ ಹೋಳು ಕೆಳಗಿನ ಹೋಳಿಗೆ ಹೊಂದಿಕೊಂಡೇ ಸವೆದಿರುವಂತೆ, ಪ್ರತಿ ಟ್ಯಾಪೆಟ್ಟೂ ತನ್ನ ಉಬ್ಬಿಗೆ ಹೊಂದಿ ಸವೆದಿರುತ್ತದೆ. ಹಳೆಯ ಕ್ಯಾಮನ್ನೇ ವಾಪಸ್ ಹಾಕುವುದಾದರೆ ಹಳೆಯ ಟ್ಯಾಪೆಟ್‌ಗಳು ಅದೇ ಸಾಲಿನಲ್ಲಿ ಅದದೇ ಉಬ್ಬಿನ ಮೇಲೆ ಕೂರಬಹುದು. ಹೊಸ ಕ್ಯಾಮಿನ ಮೇಲೆ ಹಳೆಯ ಟ್ಯಾಪೆಟ್ ಕೂತರೆ ಹೊಸ ಉಬ್ಬನ್ನು ದಿನಗಳಲ್ಲೇ ತಿಂದುಬಿಡಬಲ್ಲದು.

ಕಾರಣ ಟ್ಯಾಪೆಟ್ಟಿನ ತಳದಲ್ಲಿದೆ. ಚಪ್ಪಟೆ ಎನ್ನುತ್ತೇವೆ, ಆದರೆ ಹೆಚ್ಚಿನವು ಪೂರ್ತಿ ಚಪ್ಪಟೆಯಲ್ಲ, ನಡುವೆ 0.05 ಮಿಲಿಮೀಟರಿನ ಆಸುಪಾಸು ಉಬ್ಬಿರುತ್ತವೆ. ಅದಕ್ಕೆ ಜೊತೆಯಾಗಿ ಕ್ಯಾಮಿನ ಉಬ್ಬನ್ನು ಒಂದು ಕಡೆಗೆ ಕಾಣದಷ್ಟು ಇಳಿಜಾರು ಮಾಡಿರುತ್ತಾರೆ, ಟ್ಯಾಪೆಟ್ಟಿನ ನಡುವನ್ನು ಉಬ್ಬಿನ ನಡುವಿನಿಂದ ಸ್ವಲ್ಪ ಸರಿಸಿರುತ್ತಾರೆ. ಪರಿಣಾಮ, ಟ್ಯಾಪೆಟ್ ಏಳುತ್ತ ಇಳಿಯುತ್ತ ತನ್ನಷ್ಟಕ್ಕೆ ಗಿರ್ರನೆ ಸುತ್ತುತ್ತದೆ. ಸುತ್ತುವುದರಿಂದಲೇ ಉಜ್ಜಾಟ ಒಂದೇ ಜಾಗಕ್ಕೆ ಬೀಳದೆ ತಳದ ತುಂಬ ಹಂಚಿಹೋಗುತ್ತದೆ. ಸವೆದು ಗುಳಿಬಿದ್ದ ಟ್ಯಾಪೆಟ್ ಸುತ್ತುವುದಿಲ್ಲ. ಸುತ್ತುವುದು ನಿಂತ ದಿನದಿಂದ ಕ್ಯಾಮಿನ ಕೊನೆಗಾಲ ಶುರು.

ಪರೀಕ್ಷೆಗೆ ದೊಡ್ಡ ಯಂತ್ರ ಬೇಡ. ಎರಡು ಟ್ಯಾಪೆಟ್‌ಗಳ ತಳಗಳನ್ನು ಒಂದಕ್ಕೊಂದು ಮುಖಾಮುಖಿ ಮಾಡಿ ಬೆಳಕಿಗೆ ಹಿಡಿಯಿರಿ. ಒಳ್ಳೆಯವಾದರೆ ನಡುವೆ ತಾಗಿ ಅತ್ತಿತ್ತ ಸ್ವಲ್ಪ ತೂಗಾಡುತ್ತವೆ. ಸವೆದವಾದರೆ ಅಂಚುಗಳು ಕಚ್ಚಿಕೊಂಡು ಅಲ್ಲಾಡದೆ ಕೂರುತ್ತವೆ. ಹೊಸ ಟ್ಯಾಪೆಟ್ಟಿಗೆ ಆಯಿಲ್ ಸವರಿ ಅದರ ತೂತಿನಲ್ಲಿ ಬಿಟ್ಟರೆ ತನ್ನ ಭಾರಕ್ಕೆ ತಾನೇ ಇಳಿಯಬೇಕು. ತಡೆದರೆ ಸುತ್ತುವುದಿಲ್ಲ, ಅಲುಗಾಡಿದರೆ ಓರೆಯಾಗಿ ಸವೆಯುತ್ತದೆ. ಎಲ್ಲ ಜೋಡಿಸಿದ ಮೇಲೆ ಪ್ರತಿ ಪುಶ್ ರಾಡಿನ ಮೇಲೂ ಮಾರ್ಕರಿನಿಂದ ಒಂದು ಗೆರೆ ಎಳೆದು ಇಂಜಿನ್ನನ್ನು ಕೈಯಲ್ಲಿ ತಿರುಗಿಸಿ ನೋಡುವುದು ಇನ್ನೂ ಒಳ್ಳೆಯದು. ಗೆರೆ ಮೆಲ್ಲಗೆ ಪಕ್ಕಕ್ಕೆ ಸರಿದರೆ ಕೆಳಗೆ ಟ್ಯಾಪೆಟ್ ಸುತ್ತುತ್ತಿದೆ. ಒಂದು ಗೆರೆ ಕದಲದೇ ನಿಂತರೆ ಅಲ್ಲೇ ನಿಲ್ಲಿಸಿ ಕಾರಣ ಹುಡುಕಬೇಕು, ಸ್ಟಾರ್ಟ್ ಮಾಡಬಾರದು.

ಎಂಥ ಟ್ಯಾಪೆಟ್ ಒಳ್ಳೆಯದು ಎಂಬ ವಾದ ಗ್ಯಾರೇಜುಗಳಲ್ಲಿ ಚಹಾದ ಜೊತೆ ಮುಗಿಯುವುದೇ ಇಲ್ಲ. ಹೈಡ್ರಾಲಿಕ್ ಟ್ಯಾಪೆಟ್ ಒಳಗೆ ಆಯಿಲ್ ತುಂಬಿಕೊಂಡು ಸಂದನ್ನು ತಾನೇ ಮುಚ್ಚಿಕೊಳ್ಳುತ್ತದೆ, ಸದ್ದಿಲ್ಲ, ಸೆಟ್ಟಿಂಗ್ ಇಲ್ಲ. ಆದರೆ ಅದು ಬದುಕುವುದು ಶುದ್ಧ ಆಯಿಲಿನಲ್ಲಿ, ನಿಂತ ಪ್ರೆಶರಿನಲ್ಲಿ. ಕೊಡಚಾದ್ರಿಯಂಥ ಏರು ಹತ್ತುವಾಗ ಸಂಪಿನ ಆಯಿಲೆಲ್ಲ ಹಿಂದಕ್ಕೆ ಸರಿದು ಪಂಪ್ ಗಾಳಿ ಎಳೆದರೆ ಹೈಡ್ರಾಲಿಕ್ ಟ್ಯಾಪೆಟ್ ಕುಸಿದು ಟಿಕಟಿಕ ಶುರು ಮಾಡುತ್ತದೆ. ಯುದ್ಧದ ಜೀಪು ಮಾಡಿದವರು ಈ ಬಗೆಯ ಓಲಾಟ ಕಂಡಿದ್ದವರು. ವಿಲ್ಲೀಸ್ ಇಂಜಿನ್ನಿನಲ್ಲಿ ಆಯಿಲ್ ಹೀರುವ ಬಾಯಿ ಆಯಿಲಿನ ಮೇಲೆ ತೇಲುತ್ತಿರುತ್ತದೆ, ತಳದ ಕೆಸರನ್ನು ಹೀರುವುದಿಲ್ಲ. ಹಾಗಿದ್ದೂ ಅವರು ಆರಿಸಿದ್ದು ಸಾಲಿಡ್ ಟ್ಯಾಪೆಟ್ಟನ್ನೇ.

ರೋಲರ್ ಟ್ಯಾಪೆಟ್ಟಿನ ತಳದಲ್ಲಿ ಸಣ್ಣ ಗಾಲಿಯಿದೆ, ಉಜ್ಜುವ ಬದಲು ಉರುಳುತ್ತದೆ. ಐಡಲಿನಲ್ಲಿ ಬಿಟ್ಟರೂ ಚಪ್ಪಟೆ ಟ್ಯಾಪೆಟ್ಟಿನಷ್ಟು ನರಳುವುದಿಲ್ಲ. ಅಮೆರಿಕದ ಫೋರ್ಡ್ ತನ್ನ 5 ಲೀಟರಿನ ವಿ8ಕ್ಕೆ 1985ರಲ್ಲೇ ಇದನ್ನು ಹಾಕಿತು, ಎರಡು ವರ್ಷದಲ್ಲಿ ಶೆವ್ರೊಲೆಯೂ ಹಿಂಬಾಲಿಸಿತು. ತಮಾಷೆಯೆಂದರೆ ಚಪ್ಪಟೆಯದು ಸುತ್ತಲೇಬೇಕು, ರೋಲರಿನದು ಸುತ್ತಲೇಬಾರದು. ಗಾಲಿ ಅಡ್ಡ ತಿರುಗಿದರೆ ಕ್ಯಾಮ್ ಚಿಂದಿ. ಅದಕ್ಕೆ ಎರಡೆರಡು ಟ್ಯಾಪೆಟ್‌ಗಳನ್ನು ಪಟ್ಟಿಯಿಂದ ಕಟ್ಟಿ ಹಿಡಿಯುತ್ತಾರೆ. ಕ್ಯಾಮೂ ಬೀಡಿನದಾದರೆ ತಾಳುವುದಿಲ್ಲ, ಉಕ್ಕಿನದೇ ಆಗಬೇಕು. ಹಳೆಯ ಜೀಪಿಗೆ ಇಷ್ಟೆಲ್ಲ ಮಾಡಿಸುವ ಖರ್ಚಿನಲ್ಲಿ ಒಂದು ಎಕರೆಗೆ ಡ್ರಿಪ್ ಬಂದೀತು. ತೋಟದ ಗಾಡಿಗೆ ನನ್ನ ಓಟು ಸಾಲಿಡ್ ಟ್ಯಾಪೆಟ್ಟಿಗೆ. ಸ್ವಲ್ಪ ಸದ್ದು ಮಾಡುತ್ತದೆ, ವರ್ಷಕ್ಕೊಂದೆರಡು ಸಲ ಗೇಜ್ ಕೇಳುತ್ತದೆ, ಆದರೆ ಹಾಳಾಗುವ ಮೊದಲು ಹೇಳಿ ಹಾಳಾಗುತ್ತದೆ. ವಿಲ್ಲೀಸಿಗೆ ತಣ್ಣಗಿದ್ದಾಗ 0.016 ಇಂಚು, ಸಿಜೆ-3ಬಿಯ ಇನ್‌ಟೇಕಿಗೆ 0.018, ಜಿಪ್ಸಿಯ ಎಂಟು ವಾಲ್ವಿನ 1.3 ಇಂಜಿನ್ನಿಗೆ ಇನ್‌ಟೇಕ್ 0.13ರಿಂದ 0.17 ಮಿಲಿಮೀಟರ್, ಎಕ್ಸಾಸ್ಟ್ 0.16ರಿಂದ 0.20. ಸದ್ದು ಬೇಡವೆಂದು ಇದಕ್ಕಿಂತ ಬಿಗಿ ಮಾಡಿಸಿಕೊಂಡವರು ವಾಲ್ವ್ ಸುಟ್ಟುಕೊಳ್ಳುತ್ತಾರೆ.

ಕ್ಯಾಮಿನ ಆಕಾರದ ಬಗ್ಗೆ ಎರಡು ಮಾತು, ಯಾಕೆಂದರೆ ಪೇಟೆಯ ಹುಡುಗರು ಈಗ ಪವರ್ ಕ್ಯಾಮ್ ಕೇಳುತ್ತಾರೆ. ವಾಲ್ವನ್ನು ಹೆಚ್ಚು ಹೊತ್ತು ತೆರೆದಿಡುವ ಕ್ಯಾಮ್ ಮೇಲಿನ ವೇಗದಲ್ಲಿ ಶಕ್ತಿ ಕೊಡುತ್ತದೆ, ಕೆಳಗಿನದನ್ನು ಕಿತ್ತುಕೊಂಡು. ವಿಲ್ಲೀಸ್ ತನ್ನ ಹೆಚ್ಚಿನ ಎಳೆತವನ್ನು, ಸುಮಾರು 142 ನ್ಯೂಟನ್ ಮೀಟರ್, 2000 ಸುತ್ತಿನಲ್ಲೇ ಕೊಡುತ್ತದೆ. 80 ಕುದುರೆ ಶಕ್ತಿಯ ಜಿಪ್ಸಿ ಕಿಂಗ್ 4500 ಸುತ್ತಿಗೆ ಏರಿದ ಮೇಲೆ 103 ಕೊಡುತ್ತದೆ. ಕುದುರೆ ಹೆಚ್ಚು, ಆದರೆ ಕೆಸರಿನಲ್ಲಿ ಜಿಪ್ಸಿಯ ಕ್ಲಚ್ ಯಾಕೆ ವಾಸನೆ ಬರುತ್ತದೆಂಬುದಕ್ಕೆ ಉತ್ತರ ಈ ಎರಡು ಅಂಕಿಗಳಲ್ಲೇ ಇದೆ. ಒಂದು ಇಂಜಿನ್ ದೊಡ್ಡದು, ಇನ್ನೊಂದು ಸಣ್ಣದು, ಒಪ್ಪಿದೆ. ಆದರೂ ವಾಲ್ವ್ ತೆರೆಯುವ ಹೊತ್ತಿನ ಪಾಲೂ ಅದರಲ್ಲಿದೆ. ಡೀಸೆಲ್ಲಿಗಂತೂ ಪವರ್ ಕ್ಯಾಮಿನ ಆಸೆಯೇ ಬೇಡ. ಪಿಸ್ಟನ್ ಮೇಲೆ ಬಂದಾಗ ಅದಕ್ಕೂ ಹೆಡ್ಡಿಗೂ ಒಂದು ಮಿಲಿಮೀಟರಿನ ಆಸುಪಾಸಿನ ಜಾಗ ಮಾತ್ರ ಇರುತ್ತದೆ, ಹೆಚ್ಚು ತೆರೆದ ವಾಲ್ವ್ ನೇರ ಪಿಸ್ಟನ್ನಿಗೆ ಬಡಿಯುತ್ತದೆ. ಕಂಪನಿ ಕೊಟ್ಟ ಅಳತೆಯ ಕ್ಯಾಮೇ ಉಬ್ರಾಣಿಯ ಒಡ್ಡಿಗೆ ಸರಿಯಾದದ್ದು.

ಇನ್ನು ಮೊದಲ ಸ್ಟಾರ್ಟು. ಹೊಸ ಕ್ಯಾಮ್, ಹೊಸ ಟ್ಯಾಪೆಟ್ ಎಂದ ಮೇಲೆ ಇದೇ ಅತಿ ನಾಜೂಕಿನ ಗಳಿಗೆ, ನಮ್ಮ ಸಂಪ್ರದಾಯ ಅಡ್ಡ ಬರುವುದೂ ಇಲ್ಲಿಯೇ. ಇಂಜಿನ್ ಕೆಲಸ ಮುಗಿದರೆ ನಿಂಬೆಹಣ್ಣು, ಕುಂಕುಮ, ಊದಿನಕಡ್ಡಿ, ಆಮೇಲೆ ಸ್ಟಾರ್ಟ್ ಮಾಡಿ ಐಡಲಿನಲ್ಲಿ ಬಿಟ್ಟು ಎಲ್ಲರೂ ಸುತ್ತ ನಿಂತು ಸದ್ದು ಕೇಳುವುದು. ನಿಂಬೆಹಣ್ಣಿಗೆ ನನ್ನ ಅಡ್ಡಿಯಿಲ್ಲ, ಐಡಲಿಗೆ ಇದೆ. ಹೊಸ ಉಬ್ಬು, ಹೊಸ ತಳ ಒಂದಕ್ಕೊಂದು ಇನ್ನೂ ಹೊಂದಿಲ್ಲ, ಎರಚುವ ಆಯಿಲೂ ಐಡಲಿನಲ್ಲಿ ಸಾಲದು. ಜೋಡಿಸುವಾಗಲೇ ಉಬ್ಬು ಮತ್ತು ತಳಕ್ಕೆ ಮಾಲಿಬ್ಡಿನಂ ಇರುವ ಕಪ್ಪು ಪೇಸ್ಟ್ ದಟ್ಟವಾಗಿ ಹಚ್ಚಿರಬೇಕು. ಆಯಿಲ್ ಫಿಲ್ಟರ್ ತುಂಬಿಸಿರಬೇಕು, ರೇಡಿಯೇಟರ್ ತುಂಬಿಸಿರಬೇಕು, ಕಿಡಿಯ ಟೈಮಿಂಗ್ ಹೊಂದಿಸಿರಬೇಕು, ಡೀಸೆಲ್ ಆದರೆ ಲೈನಿನ ಗಾಳಿ ತೆಗೆದಿರಬೇಕು. ಸೆಲ್ಫ್ ಹೊಡೆಯುತ್ತಲೇ ಕೂತರೆ ಪೇಸ್ಟ್ ಒರೆಸಿಹೋಗುತ್ತದೆ. ಹತ್ತಿದ ತಕ್ಷಣ 2000ಕ್ಕೆ ಏರಿಸಿ, ಸ್ವಲ್ಪ ಮೇಲೆ ಕೆಳಗೆ ಮಾಡುತ್ತ ಇಪ್ಪತ್ತು–ಮೂವತ್ತು ನಿಮಿಷ ಅಲ್ಲೇ ಇಡಬೇಕು. ಸೋರಿಕೆ ಕಂಡರೆ ಐಡಲಿಗೆ ತಂದು ನೋಡುವುದಲ್ಲ, ಇಂಜಿನ್ ಆಫ್ ಮಾಡಿ ಸರಿಪಡಿಸಿ, ಮತ್ತೆ ನೇರ 2000ಕ್ಕೆ. ಗಾಡಿಯ ಮಾಲೀಕರಿಗೆ ಆ ಅರ್ಧ ಗಂಟೆ ಎದೆ ಹೊಡೆದುಕೊಳ್ಳುತ್ತದೆ. ಅವರನ್ನು ಚಹಾಕ್ಕೆ ಕಳಿಸುವುದು ಜಾಣತನ.

ಆಯಿಲಿನ ಆಯ್ಕೆಯೂ ಕ್ಯಾಮಿಗೆ ಸಂಬಂಧಿಸಿದ್ದೇ. ಲೋಹಕ್ಕೆ ಲೋಹ ತಾಗುವಲ್ಲಿ ಕಾಪಾಡುವುದು ಆಯಿಲಿಗೆ ಬೆರೆಸುವ ಸತು–ರಂಜಕದ ಒಂದು ಮದ್ದು. ಗ್ಯಾರೇಜಿನಲ್ಲಿ ಅದನ್ನು ಝಿಂಕ್ ಎನ್ನುತ್ತಾರೆ. ಆದರೆ ರಂಜಕ ಹೊಸ ಕಾರುಗಳ ಹೊಗೆನಳಿಗೆಯ ಕ್ಯಾಟಲಿಟಿಕ್ ಕನ್ವರ್ಟರನ್ನು ಕೆಡಿಸುತ್ತದೆ. ಹಾಗಾಗಿ ತೆಳು ಪೆಟ್ರೋಲ್ ಆಯಿಲುಗಳಲ್ಲಿ ಒಂದು ಕಾಲಕ್ಕೆ ನೂರಕ್ಕೆ 0.12 ಇದ್ದ ರಂಜಕದ ಮಿತಿಯನ್ನು 2004ರ ಹೊತ್ತಿಗೆ 0.08ಕ್ಕೆ ಇಳಿಸಿದರು. ಅಮೆರಿಕದಲ್ಲಿ ಹಳೆಯ ಕಾರಿನವರು ಒಂದರ ಹಿಂದೊಂದು ಕ್ಯಾಮ್ ಕಳೆದುಕೊಂಡು ಗೋಳಾಡಿದ್ದು ಆ ನಂತರವೇ. ನಮ್ಮ ಪುಣ್ಯಕ್ಕೆ ಆ ಕಡಿತ ತೆಳು ಗ್ರೇಡುಗಳಿಗಷ್ಟೇ. 20ಡಬ್ಲ್ಯು-40 ಅಥವಾ ಡೀಸೆಲ್ ಇಂಜಿನ್ನಿನ 15ಡಬ್ಲ್ಯು-40 ಸಿಐ-4 ಆಯಿಲ್ ಹಳೆಯ ಜೀಪಿಗೆ ಸರಿಯಾದ ಆಹಾರ. ಮಗನ ಹೊಸ ಕಾರಿಗೆ ತಂದು ಉಳಿದ ದುಬಾರಿ ತೆಳು ಆಯಿಲನ್ನು ಪ್ರೀತಿಯಿಂದ ಜೀಪಿಗೆ ಸುರಿಯಬಾರದು.

ಇಲ್ಲಿ ಊರೂ ಲೆಕ್ಕಕ್ಕೆ ಬರುತ್ತದೆ. ಉಬ್ರಾಣಿಯ ಗಾಡಿಗೆ ಕೆಸರು, ಹಳ್ಳದ ನೀರು. ನೀರು ಆಯಿಲಿಗೆ ಸೇರಿದರೆ ಡಿಪ್‌ಸ್ಟಿಕ್ ಮೇಲೆ ಹಾಲುಬಣ್ಣ ಕಾಣುತ್ತದೆ, ಯಾರಾದರೂ ಗಾಬರಿಯಾಗುವಷ್ಟು ಸ್ಪಷ್ಟ. ಅದೇ ಜಿಲ್ಲೆಯ ಇನ್ನೊಂದು ಮೂಲೆ ಜಗಳೂರು. ಕೊಂಡುಕುರಿಗಳಿಗೆಂದು 2011ರಲ್ಲಿ ಅಭಯಾರಣ್ಯವಾದ ರಂಗಯ್ಯನದುರ್ಗದ ಒಣಸೀಮೆಯಲ್ಲಿ ದೂಳೇ ಶತ್ರು. ಏರ್ ಕ್ಲೀನರಿನ ಬಟ್ಟಲಿನಲ್ಲಿ ಆಯಿಲ್ ಬತ್ತಿದ್ದರೆ ಮಣ್ಣಿನ ನಯವಾದ ಪುಡಿ ಸಿಲಿಂಡರಿನ ಮೂಲಕ ಆಯಿಲಿಗಿಳಿದು ಟ್ಯಾಪೆಟ್ಟಿನ ತಳವನ್ನು ಸಾಣೆ ಹಿಡಿಯುತ್ತದೆ. ಇದು ಕಣ್ಣಿಗೆ ಕಾಣುವುದಿಲ್ಲ. ಹೊನ್ನಾಳಿ ಕಡೆ ಬತ್ತದ ಗದ್ದೆಯ ಬದಿಯಲ್ಲಿ ಓಡುವ ಗಾಡಿಗೂ ಜಗಳೂರಿನ ಗಾಡಿಗೂ ಒಂದೇ ಅವಧಿಗೆ ಆಯಿಲ್ ಬದಲಿಸಿ ಎಂದು ಹೇಳುವ ಚೀಟಿಯನ್ನು ನಂಬಬೇಡಿ.

2020ರ ಹೊಸ ಥಾರ್ ಕೊಂಡವರಿಗೆ ಈ ತಲೆನೋವುಗಳಲ್ಲಿ ಬಹಳಷ್ಟು ಇಲ್ಲ. ಅದರ ಡೀಸೆಲ್ ಇಂಜಿನ್ನಿನಲ್ಲಿ ಕ್ಯಾಮ್‌ಗಳು ಮೇಲೆ, ಸಂದು ಹೊಂದಿಸುವುದು ಹೈಡ್ರಾಲಿಕ್. 1600 ಸುತ್ತಿನಿಂದಲೇ 300 ನ್ಯೂಟನ್ ಮೀಟರ್ ಎಳೆತ ಸಿಗುವುದರಿಂದ ಉಸಿರು ಕಟ್ಟಿಸುವ ಅಗತ್ಯವೂ ಕಡಿಮೆ. ಫೀಲರ್ ಗೇಜ್ ಬೇಡ, ಆದರೆ ಆಯಿಲಿನ ವಿಷಯದಲ್ಲಿ ಅದು ಹಳೆಯ ಜೀಪಿಗಿಂತ ಹತ್ತು ಪಟ್ಟು ಮುಂಗೋಪಿ.

ಹಳೆಯ ಜೀಪಿನವರಿಗೆ ಉಳಿದಿರುವುದು ಮೊದಲ ಆಯಿಲ್ ಬದಲಾವಣೆ. ಆ ಅರ್ಧ ಗಂಟೆಯ ಓಟ ಮುಗಿದ ಕೂಡಲೇ ಬಿಸಿ ಇರುವಾಗಲೇ ಆಯಿಲ್ ಇಳಿಸಿ, ಫಿಲ್ಟರ್ ಬದಲಿಸಿ, ಟ್ಯಾಪೆಟ್ ಸಂದನ್ನು ಮತ್ತೆ ನೋಡಬೇಕು. ಐನೂರು ಕಿಲೋಮೀಟರಿಗೆ ಇನ್ನೊಮ್ಮೆ. ಇಳಿಸಿದ ಆಯಿಲಿನಲ್ಲಿ ಅಯಸ್ಕಾಂತ ಆಡಿಸಿದಾಗ ಬೂದಿಯಂಥ ನಯವಾದ ಪುಡಿ ಅಂಟಿದರೆ ಅದು ಹೊಸ ಲೋಹಗಳು ಹೊಂದಿಕೊಂಡ ಗುರುತು, ಚಿಂತೆಯಿಲ್ಲ. ಬೆರಳಿಗೆ ಚುಚ್ಚುವ ಚೂರು, ಹೊಳೆಯುವ ಸಿಪ್ಪೆ ಅಂಟಿದರೆ ಯಾವುದೋ ಒಂದು ಟ್ಯಾಪೆಟ್ ಸುತ್ತುತ್ತಿಲ್ಲ. ಗಾಡಿಯನ್ನು ತೋಟಕ್ಕೆ ಒಯ್ಯದೆ, ಹೆಡ್ ಕವರ್ ತೆಗೆದು ಅದು ಯಾವುದೆಂದು ಅಲ್ಲೇ ಕಂಡುಹಿಡಿಯಬೇಕು.